ದೇಹದೊಳಗೆ ಮದ್ದಿನ ನಡೆ: ಮಲೇರಿಯಾ ಔಷಧಗಳ ಪ್ರಮಾಣ ನಿರ್ಣಯದ ಇತಿಹಾಸದಲ್ಲಿ ಬೆಂಗಳೂರಿನ ಒಂದು ಅಧ್ಯಾಯ

ಕರ್ನಾಟಕದ ಆರೋಗ್ಯ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಪ್ಲೇಗು, ಕಾಲರಾ, ಸಿಡುಬುಗಳ ಹಾವಳಿಗೂ ಆಸ್ಪತ್ರೆಗಳ ಸ್ಥಾಪನೆಗೂ ಹೆಚ್ಚಿನ ಸ್ಥಾನ ದೊರೆತಿದೆ. ಮಲೇರಿಯಾದ ವಿಷಯ ಬಂದಾಗಲೂ ಚರ್ಚೆ ಬಹುಮಟ್ಟಿಗೆ ಸೊಳ್ಳೆ, ನೀರಾವರಿ ಮತ್ತು ಡಿ.ಡಿ.ಟಿ. ಸಿಂಪಡಣೆಯ ಸುತ್ತಲೇ ಸುತ್ತುತ್ತದೆ. ರೋಗಿಯ ಅಂಗೈಗೆ ಬಿದ್ದ ಗುಳಿಗೆಯ ತೂಕ ಎಷ್ಟಿರಬೇಕು, ಅದನ್ನು ಎಷ್ಟು ದಿನ ನುಂಗಬೇಕು, ಹಾಗೆಂದು ನಿರ್ಧರಿಸಿದವರು ಯಾರು ಮತ್ತು ಯಾವ ಆಧಾರದ ಮೇಲೆ ಎಂಬ ಪ್ರಶ್ನೆಗಳಿಗೂ ಒಂದು ಇತಿಹಾಸವಿದೆ. ಆ ಇತಿಹಾಸದ ಇತ್ತೀಚಿನ ಪ್ರಮುಖ ಘಟ್ಟವೊಂದು ಬೆಂಗಳೂರಿನಲ್ಲಿ ನಡೆದಿದೆ. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಅಲ್ಲಿಯವರೆಗೆ ಯಾವ ಮನುಷ್ಯನೂ ಸೇವಿಸದಿದ್ದ ಹೊಸ ಮಲೇರಿಯಾ ಔಷಧವೊಂದು ಮಾನವ ದೇಹದಲ್ಲಿ ಎಷ್ಟು ಕಾಲ ಉಳಿಯುವುದು, ಎಷ್ಟು ಮಿಲಿಗ್ರಾಂ ಸಾಕಾಗುವುದು ಎಂಬುದನ್ನು ಮುಂಚಿತವಾಗಿಯೇ ಅಂಕಿಗಳಲ್ಲಿ ಹೇಳಲಾಯಿತು. ಏಳು ವರ್ಷಗಳ ಬಳಿಕ ಪ್ರಕಟವಾದ ಮಾನವ ಅಧ್ಯಯನದಿಂದ ಆ ಮುನ್ಸೂಚನೆಯನ್ನು ಒರೆಗೆ ಹಚ್ಚಿ ನೋಡುವುದು ಸಾಧ್ಯವಾಯಿತು. ಪ್ರಸ್ತುತ ಲೇಖನದ ವಸ್ತು ಆ ಮುನ್ಸೂಚನೆ, ಅದರ ಹಿನ್ನೆಲೆ ಮತ್ತು ಅದರ ಫಲಿತಾಂಶ.

ಮಧುಗಿರಿ ಸೀಮೆಯ ನೀರು ಮತ್ತು ಜ್ವರ

ಈ ಪ್ರಶ್ನೆ ಪ್ರಯೋಗಾಲಯಕ್ಕೆ ಮಾತ್ರ ಸೀಮಿತವಾದುದಲ್ಲ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಪುರವರ ಮತ್ತು ಅದರ ಸುತ್ತಲಿನ ಸೀಮೆಯನ್ನು ಉದಾಹರಣೆಯಾಗಿ ನೋಡಬಹುದು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ವರ್ಷದ ಬಹುಭಾಗ ಮರಳುಹಾಸಾಗಿಯೇ ಕಾಣುವ ನದಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬೇಸಾಯ ಶತಮಾನಗಳಿಂದ ಕೆರೆ, ಬಾವಿ, ಕಪಿಲೆ ಹಾಗೂ ತಲಪರಿಗೆಗಳನ್ನು ನಂಬಿ ಬಂದಿದೆ. ಮರಳಿನಡಿಯಿಂದ ಜಿನುಗುವ ಊಟೆಯ ನೀರನ್ನು ಕಾಲುವೆ ತೋಡಿ ಹೊಲಕ್ಕೆ ಹಾಯಿಸುವ ತಲಪರಿಗೆ ಈ ಬರಸೀಮೆಯ ಜಾಣ್ಮೆಗೆ ಸಾಕ್ಷಿ. ಆದರೆ ದಕ್ಷಿಣ ಭಾರತದ ಗ್ರಾಮೀಣ ಮಲೇರಿಯಾದ ಮುಖ್ಯ ವಾಹಕವಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆ ಮೊಟ್ಟೆಯಿಡಲು ಬಯಸುವುದೂ ಇಂತಹ ತಿಳಿಯಾದ, ಬಿಸಿಲು ಬೀಳುವ ನೀರನ್ನೇ: ಬಾವಿ, ನಿಧಾನವಾಗಿ ಹರಿಯುವ ಕಾಲುವೆ, ನದಿಯ ಮರಳಿನ ಗುಂಡಿ. ಮಳೆ ಕಡಿಮೆಯಿದ್ದರೂ ಬಯಲುಸೀಮೆಗೆ ಮಲೇರಿಯಾ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಈ ನೀರಿನ ವ್ಯವಸ್ಥೆಯೇ ಕಾರಣ.

ಹಳೆಯ ಮೈಸೂರು ಸಂಸ್ಥಾನವು 1920ರ ದಶಕದ ಕೊನೆಯ ವೇಳೆಗೆ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಂದಿಗೆ ಮಲೇರಿಯಾದ ಕ್ರಮಬದ್ಧ ಅಧ್ಯಯನವನ್ನು ಕೈಗೊಂಡಿತು. ಮಲೆನಾಡಿನ ಮೂಡಿಗೆರೆ, ಕಾವೇರಿ ಬಯಲಿನ ನಗೇನಹಳ್ಳಿ ಮತ್ತು ಶಿರಾ ತಾಲ್ಲೂಕಿಗೆ ಹೊಂದಿಕೊಂಡ ಹಿರಿಯೂರು, ಹೀಗೆ ಮೂರು ಭಿನ್ನ ಪರಿಸರಗಳಲ್ಲಿ ಸ್ಥಾಪಿಸಲಾದ ಪ್ರಯೋಗ ಕೇಂದ್ರಗಳು ಮುಖ್ಯವಾಗಿ ಸೊಳ್ಳೆಯ ಸ್ವಭಾವ ಮತ್ತು ಅದರ ಮರಿಹುಳುಗಳ ನಿಯಂತ್ರಣವನ್ನು ಅಭ್ಯಸಿಸಿದವು. ಈ ಪರಂಪರೆ ಸ್ವಾತಂತ್ರ್ಯಾನಂತರವೂ ಮುಂದುವರಿದು, ರಾಷ್ಟ್ರೀಯ ಮಲೇರಿಯಾ ಸಂಶೋಧನ ಸಂಸ್ಥೆಯ ಬೆಂಗಳೂರು ಕ್ಷೇತ್ರ ಘಟಕವು ಕೋಲಾರ ಜಿಲ್ಲೆಯ ಕಾಮಸಮುದ್ರ ಪ್ರದೇಶದ ಬಾವಿಗಳಲ್ಲಿ ಗಪ್ಪಿ ಮೀನುಗಳನ್ನು ಬಿಟ್ಟು ನಡೆಸಿದ ಪ್ರಯೋಗಗಳವರೆಗೆ ಬಂದಿದೆ. ಸೊಳ್ಳೆಯ ಮೇಲಿನ ಈ ಗಮನಕ್ಕೆ ಹೋಲಿಸಿದರೆ ಮದ್ದಿನ ಪ್ರಮಾಣವನ್ನು ಕುರಿತ ಚಿಂತನೆ ಬಹುಕಾಲ ಬೇರೆಡೆಯಿಂದಲೇ ಈ ನಾಡಿಗೆ ಬಂದಿತು.

ಪ್ರಮಾಣ ಅನುಭವದಿಂದ ನಿರ್ಧಾರವಾದ ಕಾಲ

ಸಿಂಕೋನಾ ತೊಗಟೆಯಿಂದ ಕ್ವಿನೈನನ್ನು ಪೆಲೆಟಿಯೆ ಮತ್ತು ಕವಾಂಟೂ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು 1820ರಲ್ಲಿ ಬೇರ್ಪಡಿಸಿದರು. 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಬೆಳೆದ ಮೇಲೆ ಭಾರತದಲ್ಲಿಯೇ ಕ್ವಿನೈನ್ ತಯಾರಾಯಿತು. ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಗಳ ಮೂಲಕ ಕ್ವಿನೈನ್ ಪೊಟ್ಟಣಗಳ ಮಾರಾಟ ಆರಂಭವಾಯಿತು. ಹೀಗೆ ವೈದ್ಯರ ನೆರವಿಲ್ಲದೆಯೂ ಮದ್ದು ಹಳ್ಳಿಗೆ ತಲುಪಿತು. ಆದರೆ ಪೊಟ್ಟಣದೊಳಗಿನ ಗ್ರೇನುಗಳ ಸಂಖ್ಯೆಯನ್ನು ನಿರ್ಧರಿಸಿದ್ದು ರೋಗಿಯ ರಕ್ತದಲ್ಲಿನ ಮದ್ದಿನ ಅಳತೆಯಲ್ಲ. ಜ್ವರ ಇಳಿಯಿತೇ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಶುರುವಾಯಿತೇ ಎಂಬ ಎರಡು ಗುರುತುಗಳ ನಡುವೆ ವೈದ್ಯರು ದೀರ್ಘಕಾಲದ ಅನುಭವದಿಂದ ಪ್ರಮಾಣವನ್ನು ಕಂಡುಕೊಂಡಿದ್ದರು. ಅಂದರೆ ರೋಗಿಯ ದೇಹವೇ ಪ್ರಯೋಗಾಲಯವಾಗಿತ್ತು, ಲೆಕ್ಕದ ತಪ್ಪಿಗೆ ದಂಡ ತೆರುತ್ತಿದ್ದವನೂ ರೋಗಿಯೇ.

ಈ ಅನುಭವಜನ್ಯ ಕ್ರಮದ ಒಂದು ಮಿತಿ ಬಹಳ ತಡವಾಗಿ ಬೆಳಕಿಗೆ ಬಂದಿತು. ಆರೋಗ್ಯವಂತರಿಗಿಂತ ಮಲೇರಿಯಾ ರೋಗಿಗಳ ದೇಹದಿಂದ ಕ್ವಿನೈನ್ ನಿಧಾನವಾಗಿ ಹೊರಹೋಗುತ್ತದೆ. ರೋಗದ ಸಮಯದಲ್ಲಿ ಹೆಚ್ಚುವ ಒಂದು ಬಗೆಯ ರಕ್ತಪ್ರೋಟೀನಿಗೆ ಅದು ಹೆಚ್ಚಾಗಿ ಅಂಟಿಕೊಳ್ಳುವುದರಿಂದ ರಕ್ತದಲ್ಲಿ ಒಟ್ಟು ಮಟ್ಟ ಏರಿದರೂ ಬಿಡಿಯಾಗಿ ಉಳಿಯುವ ಅಂಶ ಅದೇ ಪ್ರಮಾಣದಲ್ಲಿ ಏರುವುದಿಲ್ಲ. 1980ರ ದಶಕದ ಆರಂಭದಲ್ಲಿ ನಡೆದ ಅಧ್ಯಯನಗಳಿಂದ ಇದು ಸ್ಪಷ್ಟವಾಗುವ ವೇಳೆಗೆ ಕ್ವಿನೈನ್ ಬಳಕೆಗೆ ಬಂದು ಒಂದೂವರೆ ಶತಮಾನವೇ ಕಳೆದಿತ್ತು.

1940ರ ದಶಕದ ತಿರುವು

ಮದ್ದಿನ ಪ್ರಮಾಣವನ್ನು ರಕ್ತದಲ್ಲಿನ ಅಳತೆಯಿಂದ ನಿರ್ಧರಿಸುವ ಪದ್ಧತಿ ನೆಲೆಗೊಂಡುದು ಒಂದು ಮಲೇರಿಯಾ ಔಷಧದ ಮೂಲಕವೇ ಎಂಬುದು ಗಮನಾರ್ಹ. ಎರಡನೆಯ ಮಹಾಯುದ್ಧದಲ್ಲಿ ಜಾವಾದ ಸಿಂಕೋನಾ ತೋಟಗಳು ಜಪಾನಿನ ವಶವಾದಾಗ ಮಿತ್ರರಾಷ್ಟ್ರಗಳು ಮೆಪಾಕ್ರಿನ್ ಅಥವಾ ಅಟಾಬ್ರಿನ್ ಎಂಬ ಹಳದಿ ಗುಳಿಗೆಯನ್ನು ಆಶ್ರಯಿಸಿದವು. ದಿನಕ್ಕೆ ಇಷ್ಟೆಂದು ಸಮನಾಗಿ ಕೊಟ್ಟ ಮದ್ದು ತೀವ್ರ ಜ್ವರದಲ್ಲಿ ತಡವಾಗಿ ಫಲ ಕೊಡುತ್ತಿತ್ತು, ಪ್ರಮಾಣ ಹೆಚ್ಚಿಸಿದರೆ ಸೈನಿಕರು ಸಹಿಸುತ್ತಿರಲಿಲ್ಲ. ನ್ಯೂಯಾರ್ಕಿನ ಗೋಲ್ಡ್‌ವಾಟರ್ ಸ್ಮಾರಕ ಆಸ್ಪತ್ರೆಯಲ್ಲಿ ಜೇಮ್ಸ್ ಶಾನನ್, ಬರ್ನಾರ್ಡ್ ಬ್ರೋಡಿ ಮತ್ತು ಅವರ ಸಹೋದ್ಯೋಗಿಗಳು ಮೆಪಾಕ್ರಿನ್ನಿನ ಹೊಳಪುಗುಣವನ್ನು ಬಳಸಿಕೊಂಡು ರಕ್ತದ್ರವದಲ್ಲಿ ಅದರ ಮಟ್ಟವನ್ನು ಅಳೆದರು. ನುಂಗಿದ ಮದ್ದಿನ ಬಹುಭಾಗ ರಕ್ತದಲ್ಲಿ ನಿಲ್ಲದೆ ಯಕೃತ್ತು ಮೊದಲಾದ ಅಂಗಾಂಶಗಳಲ್ಲಿ ಹುದುಗುತ್ತದೆ ಎಂಬುದು ಅವರಿಗೆ ಕಂಡಿತು.

ಈ ಸಂಗತಿಯನ್ನು ಕೆರೆಯ ಹೋಲಿಕೆಯಿಂದ ಗ್ರಹಿಸಬಹುದು. ಬೇಸಗೆಯಲ್ಲಿ ಬಿರುಕು ಬಿಟ್ಟ ಕೆರೆಯಂಗಳಕ್ಕೆ ಬಂದ ಮೊದಲ ನೀರನ್ನು ನೆಲವೇ ಕುಡಿಯುತ್ತದೆ. ಆ ದಾಹ ತೀರಿದ ಮೇಲಷ್ಟೇ ನೀರಿನ ಮಟ್ಟ ತೂಬನ್ನು ಮುಟ್ಟುತ್ತದೆ. ಒಮ್ಮೆ ಮುಟ್ಟಿದ ಮೇಲೆ ಆ ಮಟ್ಟವನ್ನು ಕಾಯ್ದುಕೊಳ್ಳಲು ಸಣ್ಣ ಒಳಹರಿವು ಸಾಕು. ಹಾಗೆಯೇ ಮೊದಲ ದಿನ ದೊಡ್ಡ ಪ್ರಮಾಣವನ್ನೂ ನಂತರ ಸಣ್ಣ ಪ್ರಮಾಣವನ್ನೂ ಕೊಡುವ ಕ್ರಮವನ್ನು ಶಾನನ್ ತಂಡ 1944ರಲ್ಲಿ ಪ್ರಕಟಿಸಿತು. ಮದ್ದು ಅದೇ ಆಗಿದ್ದರೂ ಕೊಡುವ ಕ್ರಮ ಬದಲಾದೊಡನೆ ಅದರ ಫಲವೂ ಬದಲಾಯಿತು. ಜರ್ಮನಿಯಲ್ಲಿ 1934ರಲ್ಲಿಯೇ ಸಂಶ್ಲೇಷಿತವಾಗಿ, ವಿಷಕಾರಿಯೆಂದು ಬದಿಗೆ ಸರಿಸಲ್ಪಟ್ಟಿದ್ದ ಕ್ಲೋರೋಕ್ವಿನ್ ಕೂಡ ಇಂತಹ ಅಳತೆಗಳ ಬೆಳಕಿನಲ್ಲಿ ಮರುಪರಿಶೀಲನೆಗೊಂಡು ಬಳಕೆಗೆ ಬಂದಿತು. ಭಾರತದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದಶಕಗಳ ಕಾಲ ಪರಿಚಿತವಾಗಿದ್ದ ಮೂರು ದಿನಗಳ ಕ್ಲೋರೋಕ್ವಿನ್ ಚಿಕಿತ್ಸೆ, ಅಂದರೆ ಮೊದಲೆರಡು ದಿನ ದೇಹತೂಕದ ಕಿಲೋಗ್ರಾಂಗೆ 10 ಮಿ.ಗ್ರಾಂ. ಮತ್ತು ಮೂರನೆಯ ದಿನ 5 ಮಿ.ಗ್ರಾಂ. ಎಂಬ ಕ್ರಮ, ಇದೇ ತರ್ಕದ ಫಲ. ಮೂರು ದಿನ ನುಂಗಿದ ಕ್ಲೋರೋಕ್ವಿನ್ ವಾರಗಟ್ಟಲೆ ರಕ್ತದಲ್ಲಿ ಸುಳಿದಾಡುತ್ತದೆ. ಅದರ ದೀರ್ಘ ಬಾಳಿಕೆ ವರವಾದಂತೆಯೇ, ಕ್ಷೀಣಿಸುತ್ತ ಹೋಗುವ ಮಟ್ಟದಲ್ಲಿ ನಿರೋಧಕ ಪರೋಪಜೀವಿಗಳಿಗೆ ಅವಕಾಶವನ್ನೂ ಒದಗಿಸಿತು. ಭಾರತದಲ್ಲಿ ಕ್ಲೋರೋಕ್ವಿನ್ ನಿರೋಧವು 1973ರಲ್ಲಿ ಅಸ್ಸಾಮಿನಲ್ಲಿ ಮೊದಲು ಗುರುತಿಸಲ್ಪಟ್ಟಿತು.

ಅಳತೆಯಿಂದ ಮುನ್ಸೂಚನೆಗೆ

ಶಾನನ್ ತಂಡದ ಸಾಧನೆ ದೊಡ್ಡದಾದರೂ ಅದು ಮನುಷ್ಯನಿಗೆ ಮದ್ದು ಕೊಟ್ಟ ನಂತರದ ಅಳತೆ. ಕೊಡುವ ಮೊದಲೇ ಹೇಳುವುದು ಬೇರೆಯೇ ಕೆಲಸ. ಅದಕ್ಕೆ ಬೇಕಾದ ಆಲೋಚನೆಗಳು ಬೇರೆಬೇರೆ ಕ್ಷೇತ್ರಗಳಲ್ಲಿ ರೂಪುಗೊಂಡಿದ್ದವು. ಪ್ರಾಣಿಯ ತೂಕ ಹೆಚ್ಚಿದಂತೆ ಅದರ ಚಯಾಪಚಯ ದರವು ಸರಿಸುಮಾರು ತೂಕದ ಮುಕ್ಕಾಲನೆಯ ಘಾತದಂತೆ ಹೆಚ್ಚುತ್ತದೆ ಎಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದ್ದರು. ಸ್ವೀಡನ್ನಿನ ಟೋರ್ಸ್ಟೆನ್ ಟಿಯೊರೆಲ್ 1937ರಲ್ಲಿ ದೇಹವನ್ನು ರಕ್ತದಿಂದ ಬೆಸೆದ ಕೋಣೆಗಳ ಸಮೂಹವೆಂದು ಭಾವಿಸಿ ಮದ್ದಿನ ಚಲನೆಗೆ ಸಮೀಕರಣಗಳನ್ನು ರಚಿಸಿದರು. ಜರ್ಮನಿಯ ಎಫ್. ಎಚ್. ಡೋಸ್ಟ್ 1953ರಲ್ಲಿ ಈ ಶಾಸ್ತ್ರಕ್ಕೆ ಫಾರ್ಮಕೊಕೈನೆಟಿಕ್ಸ್ ಎಂಬ ಹೆಸರನ್ನು ರೂಢಿಗೆ ತಂದರು. ಕನ್ನಡದಲ್ಲಿ ಇದನ್ನು ಔಷಧ ಚಲನಶಾಸ್ತ್ರ ಎನ್ನಬಹುದು.

ಈ ಶಾಸ್ತ್ರದ ತಿರುಳು ಎರಡು ಪರಿಮಾಣಗಳಲ್ಲಿದೆ. ಮದ್ದು ಎಷ್ಟು ವಿಸ್ತಾರವಾಗಿ ಹರಡಿಕೊಳ್ಳುತ್ತದೆ ಎಂಬುದನ್ನು ಸೂಚಿಸುವ ವಿತರಣಾ ಗಾತ್ರ ಮೊದಲನೆಯದು, ಯಕೃತ್ತು ಮತ್ತು ಮೂತ್ರಪಿಂಡಗಳು ಅದನ್ನು ಎಷ್ಟು ವೇಗವಾಗಿ ಹೊರಹಾಕುತ್ತವೆ ಎಂಬುದನ್ನು ಸೂಚಿಸುವ ಶೋಧನ ದರ ಎರಡನೆಯದು. ಮೊದಲನೆಯದು ಕೆರೆಯ ವಿಸ್ತಾರವಾದರೆ ಎರಡನೆಯದು ತೂಬಿನ ಅಗಲ. ರಕ್ತದಲ್ಲಿನ ಮಟ್ಟ ಅರ್ಧಕ್ಕಿಳಿಯಲು ಬೇಕಾಗುವ ಕಾಲವನ್ನು ಅರ್ಧಾಯು ಎನ್ನುತ್ತಾರೆ. ಅದು ಈ ಎರಡರ ಅನುಪಾತದಿಂದ ದೊರೆಯುತ್ತದೆ. ಹೊಸ ಸಂಯುಕ್ತವೊಂದರ ವಿಷಯದಲ್ಲಿ ಇಲಿ, ನಾಯಿ ಮುಂತಾದ ಪ್ರಾಣಿಗಳಲ್ಲಿ ಈ ಪರಿಮಾಣಗಳನ್ನು ಅಳೆದು, ತೂಕದ ನಿಯಮದ ನೆರವಿನಿಂದ ಮನುಷ್ಯನಿಗೆ ವಿಸ್ತರಿಸಲಾಗುತ್ತದೆ. ಮಾನವ ಯಕೃತ್ತಿನ ಜೀವಕೋಶಗಳಲ್ಲಿ ಮದ್ದು ಕರಗುವ ವೇಗ, ರಕ್ತಪ್ರೋಟೀನುಗಳಿಗೆ ಅದು ಅಂಟುವ ಪ್ರಮಾಣ, ಕರುಳಿನ ಪೊರೆಯನ್ನು ದಾಟುವ ಸಾಮರ್ಥ್ಯ ಇವುಗಳನ್ನು ಗಾಜಿನ ನಳಿಕೆಯಲ್ಲಿ ಅಳೆದು ಗಣಕ ಮಾದರಿಗೆ ಸೇರಿಸಲಾಗುತ್ತದೆ. 1991ರ ಸುಮಾರಿಗೆ ಮಾನವ ಪ್ರಯೋಗದ ಹಂತದಲ್ಲಿ ಕೈಬಿಟ್ಟುಹೋದ ಔಷಧಗಳಲ್ಲಿ ಶೇ. 40ರಷ್ಟು ದೇಹದೊಳಗಿನ ಪ್ರತಿಕೂಲ ನಡೆಯಿಂದಲೇ ಸೋತಿದ್ದವು, 2000ದ ವೇಳೆಗೆ ಈ ಪಾಲು ಶೇ. 10ರ ಆಸುಪಾಸಿಗೆ ಇಳಿಯಿತು ಎಂಬ ಉದ್ಯಮದ ವಿಶ್ಲೇಷಣೆಯು ಈ ವಿಧಾನಗಳ ಪ್ರಯೋಜನವನ್ನು ಸೂಚಿಸುತ್ತದೆ.

ಬೆಂಗಳೂರಿನ ಪ್ರಯೋಗಾಲಯಗಳು

ಬೆಂಗಳೂರಿನಲ್ಲಿ ಮಲೇರಿಯಾ ಪರೋಪಜೀವಿಯ ಜೀವರಸಾಯನವನ್ನು ಕುರಿತ ಮೂಲಭೂತ ಸಂಶೋಧನೆ ಈ ವೇಳೆಗೆ ಬಲವಾಗಿ ಬೇರೂರಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಮತ್ತು ಸಂಗಡಿಗರು ಪರೋಪಜೀವಿಯು ತನ್ನದೇ ಹೀಮ್ ತಯಾರಿಸಿಕೊಳ್ಳುವುದನ್ನು 1990ರ ದಶಕದ ಆರಂಭದಲ್ಲಿ ತೋರಿಸಿದ್ದರು. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 2001ರಲ್ಲಿ ಟ್ರೈಕ್ಲೋಸಾನ್ ಎಂಬ ನಂಜುನಿರೋಧಕವು ಮಲೇರಿಯಾ ಪೀಡಿತ ಇಲಿಗಳನ್ನು ರಕ್ಷಿಸುವುದೆಂದು ವರದಿ ಮಾಡಿದರು. 2006ರಲ್ಲಿ ಪದ್ಮನಾಭನ್ ತಂಡವು ಆರ್ಟೀಥರಿನ ಒಂದು ಚುಚ್ಚುಮದ್ದಿನ ನಂತರ ಅರಿಸಿನದ ಕರ್ಕ್ಯುಮಿನ್ನನ್ನು ಮೂರು ಬಾರಿ ಬಾಯಿಯ ಮೂಲಕ ಕೊಟ್ಟಾಗ ಇಲಿಗಳಲ್ಲಿ ರೋಗ ಮರುಕಳಿಸದಿರುವುದನ್ನು ತೋರಿಸಿತು.

ಈ ಎರಡೂ ಸಂಶೋಧನೆಗಳು ದೇಹದೊಳಗಿನ ನಡೆಯ ಪ್ರಶ್ನೆಯನ್ನು ಮುಂದಿಟ್ಟವು. ಮನುಷ್ಯನ ಕರುಳು ಕರ್ಕ್ಯುಮಿನ್ನನ್ನು ಅತ್ಯಲ್ಪವಾಗಿ ಹೀರುತ್ತದೆ, ಹೀರಿದ್ದನ್ನೂ ಯಕೃತ್ತು ಬೇಗನೆ ಮಾರ್ಪಡಿಸಿಬಿಡುತ್ತದೆ. ಟ್ರೈಕ್ಲೋಸಾನ್ ಕೂಡ ಶೀಘ್ರವಾಗಿ ಬೇರೆ ರೂಪಕ್ಕೆ ತಿರುಗಿ ಹೊರಹೋಗುವ ವಸ್ತು. ಅದು ಗುರಿಯಾಗಿಸಿದ ಕಿಣ್ವವು ಪರೋಪಜೀವಿಯ ರಕ್ತಹಂತಕ್ಕಿಂತ ಯಕೃತ್ ಹಂತಕ್ಕೆ ಮುಖ್ಯವೆಂಬುದೂ 2008ರ ನಂತರದ ಅಧ್ಯಯನಗಳಿಂದ ತಿಳಿಯಿತು. ಪರೋಪಜೀವಿಯನ್ನು ಕೊಲ್ಲುವ ಶಕ್ತಿಯೊಂದೇ ಸಾಲದು, ಆ ಶಕ್ತಿಯುಳ್ಳ ಪ್ರಮಾಣವು ಸಾಕಷ್ಟು ಹೊತ್ತು ರಕ್ತದಲ್ಲಿ ನಿಲ್ಲಬೇಕು.

ಈ ಎರಡನ್ನೂ ಒಟ್ಟಿಗೆ ಮುಂದಿಟ್ಟುಕೊಂಡು ಹೊರಟುದು ನಗರದ ಇನ್ನೊಂದು ಸಂಸ್ಥೆ. 1980ರ ದಶಕದಲ್ಲಿ ಮಲ್ಲೇಶ್ವರದಲ್ಲಿ ಆರಂಭವಾದ ಅಸ್ಟ್ರಾ ಸಂಶೋಧನ ಕೇಂದ್ರವು 1999ರ ವಿಲೀನದ ನಂತರ ಅಸ್ಟ್ರಾಜೆನೆಕಾದ ಭಾಗವಾಗಿ, ಮುಂದೆ ಹೆಬ್ಬಾಳದ ಬಳಿಯ ಹೊಸ ಕಟ್ಟಡದಲ್ಲಿ ಕ್ಷಯ ಮತ್ತು ಮಲೇರಿಯಾ ಔಷಧಗಳ ಹುಡುಕಾಟವನ್ನು ನಡೆಸಿತು. ಜಿನೀವಾದಲ್ಲಿ 1999ರಲ್ಲಿ ಸ್ಥಾಪನೆಗೊಂಡ ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್ ಎಂಬ ಲಾಭರಹಿತ ಸಂಸ್ಥೆ ಇದಕ್ಕೆ ಸಹಭಾಗಿಯಾಗಿತ್ತು. ಫಾಲ್ಸಿಪೇರಮ್ ಪರೋಪಜೀವಿಯ ರಕ್ತಹಂತದ ಮೇಲೆ ಸಂಯುಕ್ತಗಳನ್ನು ಸೋಸಿ ನೋಡಿದಾಗ ಟ್ರೈಅಮಿನೊಪಿರಿಮಿಡಿನ್ ಎಂಬ ವರ್ಗ ಕಣ್ಣಿಗೆ ಬಿದ್ದಿತು. ಶಾಹುಲ್ ಹಮೀದ್, ಸುರೇಶ್ ಸೋಲಾಪುರೆ, ವಾಸನ್ ಸಂಬಂಧಮೂರ್ತಿ ಮೊದಲಾದವರ ಹೆಸರಿನಲ್ಲಿ 2015ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಈ ವರ್ಗದ ಅತ್ಯುತ್ತಮ ಸಂಯುಕ್ತವನ್ನು ಮಾನವ ಪ್ರಯೋಗಕ್ಕೆ ಅರ್ಹವೆಂದು ಮಂಡಿಸಿತು.

ಆ ಲೇಖನದ ಮುನ್ಸೂಚನೆ ಸ್ಪಷ್ಟವಾಗಿತ್ತು. ಮನುಷ್ಯನಲ್ಲಿ ಈ ಮದ್ದಿನ ಅರ್ಧಾಯು 36 ಗಂಟೆಗಳಿರಬಹುದು. 260 ಮಿ.ಗ್ರಾಂ. ತೂಕದ ಒಂದೇ ಪ್ರಮಾಣವು ರಕ್ತದಲ್ಲಿ ಚಿಕಿತ್ಸಕ ಮಟ್ಟವನ್ನು 4ರಿಂದ 5 ದಿನಗಳವರೆಗೆ ಕಾಯ್ದುಕೊಳ್ಳಲು ಸಾಕಾಗಬಹುದು. ಈ ಅವಧಿ ಯಾದೃಚ್ಛಿಕವಲ್ಲ. ಫಾಲ್ಸಿಪೇರಮ್ ಪರೋಪಜೀವಿಯು ಕೆಂಪು ರಕ್ತಕಣದೊಳಗೆ ಬೆಳೆದು ಒಡೆಯಲು 48 ಗಂಟೆ ತೆಗೆದುಕೊಳ್ಳುತ್ತದೆ. ನಾಲ್ಕು ದಿನ ನಿಂತ ಮದ್ದು ಅಂತಹ ಎರಡು ಆವರ್ತಗಳನ್ನು ಎದುರಿಸುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮರೆಯಾಗುವ ಆರ್ಟೆಮಿಸಿನಿನ್ ವರ್ಗದ ಮದ್ದುಗಳನ್ನು ಮೂರು ದಿನ ನುಂಗಬೇಕಾದುದೂ ಇದೇ ಕಾರಣಕ್ಕೆ. ಮೊದಲ ದಿನ ಜ್ವರ ಇಳಿದೊಡನೆ ಉಳಿದ ಗುಳಿಗೆಗಳನ್ನು ಮರೆಯುವ, ಕೂಲಿಗಾಗಿ ಊರು ಬಿಡಬೇಕಾದ ಪುರವರ, ಪಾವಗಡದಂತಹ ಬರಸೀಮೆಯ ರೋಗಿಗೆ ಒಂದೇ ಪ್ರಮಾಣದ ಚಿಕಿತ್ಸೆ ಎಂದರೆ ಪೂರ್ಣಗೊಂಡ ಚಿಕಿತ್ಸೆ.

ಮುನ್ಸೂಚನೆ ಮತ್ತು ಮಾನವ ಅಳತೆ

ಲೇಖನ ಅಚ್ಚಾಗುವ ಮೊದಲೇ, 2014ರಲ್ಲಿ, ಅಸ್ಟ್ರಾಜೆನೆಕಾ ಬೆಂಗಳೂರಿನ ಸಂಶೋಧನ ಕೇಂದ್ರವನ್ನು ಮುಚ್ಚುವ ನಿರ್ಧಾರವನ್ನು ಪ್ರಕಟಿಸಿತು. ಸಂಯುಕ್ತ ಮಾತ್ರ ಉಳಿಯಿತು. ಅಹಮದಾಬಾದಿನ ಝೈಡಸ್ ಸಂಸ್ಥೆ ಅದರ ಹಕ್ಕನ್ನು ಪಡೆದು ಝಡ್‌ವೈ-19489 ಎಂಬ ಹೆಸರಿನಲ್ಲಿ ಮುಂದುವರಿಸಿತು. ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದ ಮೊದಲ ಮಾನವ ಅಧ್ಯಯನದ ಫಲಿತಾಂಶ 2022ರಲ್ಲಿ ಲ್ಯಾನ್ಸೆಟ್ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಪ್ರಕಟವಾಯಿತು. 25ರಿಂದ 1500 ಮಿ.ಗ್ರಾಂ.ವರೆಗಿನ ಏಕಪ್ರಮಾಣಗಳನ್ನು ಅಲ್ಲಿ ಪರೀಕ್ಷಿಸಲಾಯಿತು. 150 ಮಿ.ಗ್ರಾಂ. ಮತ್ತು ಅದಕ್ಕೆ ಮೇಲ್ಪಟ್ಟ ಪ್ರಮಾಣಗಳಲ್ಲಿ ಅಳೆದ ಅರ್ಧಾಯು 50ರಿಂದ 97 ಗಂಟೆಗಳಷ್ಟಿತ್ತು. ಮದ್ದು ಬೆಂಗಳೂರಿನ ಲೆಕ್ಕಕ್ಕಿಂತಲೂ ಹೆಚ್ಚು ಕಾಲ ದೇಹದಲ್ಲಿ ನಿಂತಿತು.

ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ವೈದ್ಯರ ನಿಗಾದಲ್ಲಿ ಮಲೇರಿಯಾ ಸೋಂಕನ್ನು ಪಡೆಯಲು ಒಪ್ಪಿದ 15 ಸ್ವಯಂಸೇವಕರಿಗೆ ಈ ಮದ್ದನ್ನು ಕೊಡಲಾಯಿತು. 200 ಮತ್ತು 300 ಮಿ.ಗ್ರಾಂ. ಪಡೆದವರಲ್ಲಿ ಪರೋಪಜೀವಿಗಳ ಸಂಖ್ಯೆ ವೇಗವಾಗಿ ಕುಸಿದರೂ ಬಳಿಕ ರೋಗಾಣು ಮರಳಿ ಕಾಣಿಸಿಕೊಂಡಿತು. 900 ಮಿ.ಗ್ರಾಂ. ಪಡೆದವರಲ್ಲಿ ಮರುಕಳಿಕೆ ಕಂಡುಬರಲಿಲ್ಲ. ಈ ಅಂಕಿಗಳನ್ನು ಮಾದರಿಗೆ ಅಳವಡಿಸಿದ ಸಂಶೋಧಕರು, ಪರೋಪಜೀವಿಗಳ ಸಂಖ್ಯೆಯನ್ನು ನೂರು ಕೋಟಿ ಪಟ್ಟು ಇಳಿಸುವ ಸಂಭವ ಶೇ. 90ರಷ್ಟಿರಬೇಕಾದರೆ 1100 ಮಿ.ಗ್ರಾಂ.ಗಳ ಒಂದು ಪ್ರಮಾಣ ಬೇಕಾಗುವುದೆಂದು ಅಂದಾಜಿಸಿದರು.

ಮೇಲ್ನೋಟಕ್ಕೆ ಇದು ವಿರೋಧಾಭಾಸದಂತೆ ಕಾಣುತ್ತದೆ. ಮದ್ದು ಊಹಿಸಿದ್ದಕ್ಕಿಂತ ಹೆಚ್ಚು ಕಾಲ ಉಳಿದರೆ ಕಡಿಮೆ ಪ್ರಮಾಣ ಸಾಕಾಗಬೇಕಿತ್ತು. ಆದರೆ ಅಂದಾಜು ನಾಲ್ಕು ಪಟ್ಟು ಹೆಚ್ಚಿತು. ಎರಡು ಅಂಕಿಗಳ ಹಿಂದಿರುವ ಪ್ರಶ್ನೆಗಳು ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಚಿಕಿತ್ಸಕ ಮಟ್ಟ ಎಷ್ಟು ದಿನ ಉಳಿಯುವುದು ಎಂಬುದು 2015ರ ಪ್ರಶ್ನೆ. ಪರೋಪಜೀವಿಗಳ ಸಂತತಿಯನ್ನು ಇಷ್ಟು ಖಚಿತತೆಯಿಂದ ಇಷ್ಟು ಪಟ್ಟು ಇಳಿಸಲು ಏನು ಬೇಕು ಎಂಬುದು 2022ರ ಪ್ರಶ್ನೆ. ಮೊದಲನೆಯದು ಔಷಧವು ಜೊತೆ ಮದ್ದಿನೊಂದಿಗೆ ಬಳಕೆಯಾಗುವುದೆಂಬ ನಿರೀಕ್ಷೆಯಲ್ಲಿ ಮಂಡಿತವಾದುದು, ಎರಡನೆಯದು ಒಂಟಿ ಮದ್ದಿನ ಅಳತೆ. ಆದಕಾರಣ 260 ಮತ್ತು 1100 ಎಂಬ ಅಂಕಿಗಳನ್ನು ಎದುರುಬದುರಾಗಿ ಇಟ್ಟು ಮುನ್ಸೂಚನೆ ಸುಳ್ಳಾಯಿತೆಂದು ತೀರ್ಮಾನಿಸುವುದು ಸರಿಯಲ್ಲ. ಏಕಪ್ರಮಾಣದ ಚಿಕಿತ್ಸೆಗೆ ತಕ್ಕ ದೀರ್ಘ ಬಾಳಿಕೆ ಈ ಸಂಯುಕ್ತಕ್ಕಿದೆ ಎಂಬ ಮೂಲ ನಿರ್ಣಯ ಮಾನವ ದೇಹದಲ್ಲಿ ದೃಢಪಟ್ಟಿತು. ದೇಹವು ಮದ್ದನ್ನು ಏನು ಮಾಡುತ್ತದೆ ಎಂಬುದರ ದಿಕ್ಕನ್ನು ಪ್ರಾಣಿ ಅಧ್ಯಯನ ಮತ್ತು ಗಣಿತ ಸರಿಯಾಗಿ ತೋರಿದವು. ಗುಣವಾಗಲು ಎಷ್ಟು ಬೇಕು ಎಂಬುದನ್ನು ಹೇಳಲು ಸೋಂಕಿತ ಮನುಷ್ಯನ ರಕ್ತವೇ ಬೇಕಾಯಿತು.

ಲೆಕ್ಕದ ಹೊರಗುಳಿಯುವ ದೇಹಗಳು

ಮೊದಲ ಮಾನವ ಅಧ್ಯಯನದ ದೇಹ ಸಾಮಾನ್ಯವಾಗಿ ಆರೋಗ್ಯವಂತ ವಯಸ್ಕರದು. ಮಲೇರಿಯಾದ ಭಾರ ಹೊರುವ ದೇಹಗಳು ಬೇರೆ: ಮಗು, ಗರ್ಭಿಣಿ, ಪೌಷ್ಟಿಕಾಂಶದ ಕೊರತೆಯಿರುವ ಕೂಲಿಕಾರ್ಮಿಕ. ಈ ಅಂತರದ ಪರಿಣಾಮ ಇತಿಹಾಸದಲ್ಲಿ ಮತ್ತೆ ಮತ್ತೆ ಕಂಡಿದೆ. ಡೈಹೈಡ್ರೋಆರ್ಟೆಮಿಸಿನಿನ್ ಮತ್ತು ಪಿಪೆರಾಕ್ವಿನ್ ಜೋಡಿ ಬಳಕೆಗೆ ಬಂದ ಮೇಲೆ ಸಣ್ಣ ಮಕ್ಕಳ ರಕ್ತದಲ್ಲಿ ಮದ್ದಿನ ಮಟ್ಟ ಸಾಲುತ್ತಿಲ್ಲವೆಂದು ತಿಳಿದು, 25 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಮಾಣವನ್ನು ಹೆಚ್ಚಿಸಿತು. ವೈವಾಕ್ಸ್ ಮಲೇರಿಯಾದ ಮರುಕಳಿಕೆಯನ್ನು ತಡೆಯುವ ಪ್ರಿಮಾಕ್ವಿನ್ ಫಲಿಸಬೇಕಾದರೆ ಯಕೃತ್ತಿನ ಒಂದು ನಿರ್ದಿಷ್ಟ ಕಿಣ್ವ ಅದನ್ನು ಮಾರ್ಪಡಿಸಬೇಕು. ಆ ಕಿಣ್ವ ದುರ್ಬಲವಾಗಿರುವವರಲ್ಲಿ ಚಿಕಿತ್ಸೆ ವಿಫಲವಾಗುವುದು 2013ರಲ್ಲಿ ವರದಿಯಾಯಿತು. ಹದಿನಾಲ್ಕು ದಿನಗಳ ಪ್ರಿಮಾಕ್ವಿನ್ನಿಗೆ ಬದಲಾಗಿ ಒಂದೇ ಪ್ರಮಾಣದಲ್ಲಿ ಕೊಡಬಹುದಾದ ಟಾಫೆನೋಕ್ವಿನ್ 2018ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅದರ ಅರ್ಧಾಯು ಸುಮಾರು ಎರಡು ವಾರ. ಈ ದೀರ್ಘ ಬಾಳಿಕೆಯಿಂದಲೇ, ಜಿ6ಪಿಡಿ ಕಿಣ್ವದ ಕೊರತೆಯುಳ್ಳವರಿಗೆ ಅದನ್ನು ಒಮ್ಮೆ ಕೊಟ್ಟ ಮೇಲೆ ಹಿಂತೆಗೆಯುವ ದಾರಿಯಿಲ್ಲ. ಆದ್ದರಿಂದ ಮುಂಚಿತ ಪರೀಕ್ಷೆ ಅನಿವಾರ್ಯ. ಬಾಳಿಕೆ ಹೆಚ್ಚಿದಷ್ಟೂ ಮುನ್ಸೂಚನೆಯ ಹೊಣೆಯೂ ಹೆಚ್ಚುತ್ತದೆ.

ಉಪಸಂಹಾರ

ಕ್ವಿನೈನ್ ಪೊಟ್ಟಣದಿಂದ ಟ್ರೈಅಮಿನೊಪಿರಿಮಿಡಿನ್‌ವರೆಗಿನ ಈ ಪಯಣದಲ್ಲಿ ಬದಲಾದುದು ತಪ್ಪು ಪತ್ತೆಯಾಗುವ ಸ್ಥಳ. ಹತ್ತೊಂಬತ್ತನೆಯ ಶತಮಾನದಲ್ಲಿ ತಪ್ಪು ರೋಗಿಯ ಹಾಸಿಗೆಯ ಬಳಿ ತಿಳಿಯುತ್ತಿತ್ತು. 1940ರ ದಶಕದಲ್ಲಿ ಅದು ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ ತಿಳಿಯತೊಡಗಿತು. ಈಗ ಅದರ ಒಂದು ಭಾಗ ಪ್ರಾಣಿ ಅಧ್ಯಯನ ಮತ್ತು ಗಣಕ ಮಾದರಿಯ ಹಂತದಲ್ಲಿಯೇ, ಇನ್ನೊಂದು ಭಾಗ ಕೆಲವೇ ಸ್ವಯಂಸೇವಕರ ಹಂತದಲ್ಲಿ ತಿಳಿಯುತ್ತದೆ. 300 ಮಿ.ಗ್ರಾಂ. ಸಾಲದೆಂಬ ಸಂಗತಿ ವೈದ್ಯರ ಕಣ್ಗಾವಲಿನಲ್ಲಿದ್ದ ಕೆಲವರಿಂದ ತಿಳಿದುದೇ ಹೊರತು ಆರೋಗ್ಯ ಕೇಂದ್ರದಿಂದ ದೂರವಿರುವ ಹಳ್ಳಿಗಳ ಸಾವಿರಾರು ರೋಗಿಗಳಿಂದಲ್ಲ ಎಂಬುದೇ ಈ ವಿಧಾನದ ಸಾರ್ಥಕತೆ.

ಈ ಅಧ್ಯಾಯದ ಬೆಂಗಳೂರಿನ ಭಾಗ ಪ್ರಯೋಗಾಲಯವೊಂದರ ಮುಚ್ಚುಗಡೆಯೊಂದಿಗೆ ಕೊನೆಗೊಂಡಿತು. ಪ್ರಕಟಿತ ಲೇಖನಗಳು ಉಳಿದಿವೆ. ಖಾಸಗಿ ಸಂಶೋಧನ ಕೇಂದ್ರಗಳ ಒಳದಾಖಲೆಗಳು, ಕೈಬಿಟ್ಟ ಸಂಯುಕ್ತಗಳ ವಿವರಗಳು, ಅಲ್ಲಿ ದುಡಿದವರ ನೆನಪುಗಳು ಮಾತ್ರ ಸಾರ್ವಜನಿಕ ಪತ್ರಾಗಾರಗಳಿಗೆ ತಾವಾಗಿಯೇ ಬಂದು ಸೇರುವುದಿಲ್ಲ. ಹಳೆಯ ಮೈಸೂರಿನ ಮಲೇರಿಯಾ ಕೇಂದ್ರಗಳ ವರದಿಗಳು ಸರ್ಕಾರಿ ಮುದ್ರಣದ ಮೂಲಕ ಗ್ರಂಥಾಲಯಗಳಿಗೆ ತಲುಪಿದುದರಿಂದಲೇ ಹಿರಿಯೂರು, ನಗೇನಹಳ್ಳಿಗಳ ಕೆಲಸವನ್ನು ಇಂದು ಸ್ಮರಿಸಲು ಸಾಧ್ಯವಾಗಿದೆ. ಕರ್ನಾಟಕದ ಆಧುನಿಕ ಔಷಧ ಸಂಶೋಧನೆಯ ಚರಿತ್ರೆಯನ್ನು ಬರೆಯುವವರಿಗೆ ಅಂತಹ ಸಾಮಗ್ರಿ ದೊರೆಯಬೇಕಾದರೆ, ಅದರಲ್ಲಿ ಪಾಲ್ಗೊಂಡ ವಿಜ್ಞಾನಿಗಳು ಇರುವಾಗಲೇ ಸಂಗ್ರಹ ಕಾರ್ಯ ಆರಂಭವಾಗಬೇಕಾಗಿದೆ.